ಗುರುತು ಸಿಗದ ಸಕ್ಕರೆ

ತಮ್ಮಾ ಪಂಪೇಶ,

ಒಂದೇ ದಿನದ ಜ್ವರಕ್ಕೆ ನೀನು ಹೋದದ್ದು ಹ್ಯಾಗೆಂದು ಇವತ್ತು ಹೊಸಪೇಟೆಯ ಡಾಕ್ಟರನ್ನೇ ಕೇಳಿದೆ.

"ಆ ರೋಗಾಣು ಸಕ್ಕರೆ ಹೊದಿಕೆ ಹೊದ್ದಿರ್ತದ್ರಿ. ರಕ್ಷಣಾ ಕಣದ ಮೈಮೇಲಿನ ಗ್ರಾಹಕಗಳು ಅದನ್ನ ಮುಟ್ಟಿ ಗುರುತು ಹಿಡೀಬೇಕು. ಆ ಕೆಲಸ ಹೆಚ್ಚು ನಡಿಯೋದು ಹೊಟ್ಟಿ ಎಡಕ್ಕಿರೋ ಗುಲ್ಮದಾಗ, ಅಂದ್ರ ಸ್ಪ್ಲೀನ್‌ನಾಗ. ಅಪಘಾತ ಆದಾಗ ನಿಮ್ಮ ತಮ್ಮಂದು ತೆಗೆದಿದ್ವಲ್ಲ? ಅದಕ್ಕ ಆ ಸಕ್ಕರೀನ ಮೊದಲೇ ಪರಿಚಯ ಮಾಡಿಸೋ ಲಸಿಕಿ ಸೂಜಿ ಬರ್ದಿದ್ದೆ."

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಶಿಫ್ಟಿಗೆ ಆಳು ಕಳಿಸುವ ಮೇಸ್ತ್ರಿ ನಾನು, ಎಲ್ಲರ ಹಾಜರಿ ನನಗೆ ಬಾಯಿಪಾಠ. ನೀನು ಆ ಸೂಜಿಗೆ ಎರಡು ಸಲ ರಜೆ ಕೇಳಿದ್ದೆ. "ಲೇ, ಸೂಜಿಗೆ ಜ್ವರ ಬಂದ್ರ ಶಿಫ್ಟಿಗೆ ಯಾರು ಬರ್ತಾರ? ಮುಂದಿನ ತಿಂಗಳು ನೋಡೋಣ" ಅಂತ ಎರಡೂ ಸಲ ನಾನೇ ಅಂದಿದ್ದೆ.

"ಯಾಕ ಹಾಕಿಸ್ಲಿಲ್ರಿ?" ಎಂದರು ಡಾಕ್ಟರು.

"ಅವ ಒಪ್ಪಲಿಲ್ರಿ" ಅಂದೆ.

ಅವರು ಹಾಗೇ ಬರೆದುಕೊಂಡರು.