ಮರಳುದಿಬ್ಬದ ಆಚೆಗಿನ ನೀರು

ಬಂದರು ಬೀದಿ, ಐಸ್ ಕಾರ್ಖಾನೆಯ ಹಿಂದಿನ ಮನೆ
ನವೆಂಬರ್ ೯, ಸೋಮವಾರ

ಗುಬ್ಬಿಯ ಅಪ್ಪನಿಗೆ,

ಹೇಗಿದ್ದೀರಿ? ಅಲ್ಲಿ ಚಳಿ ಶುರುವಾಗಿರಬೇಕು. ಎಡಮೊಣಕಾಲಿನ ನೋವು ಇಳಿಯಿತೇ? ಕೇಳಿದರೆ "ಏನಿಲ್ಲ, ಚೆನ್ನಾಗಿದೀನಿ" ಅಂತಲೇ ಬರೆಯುತ್ತೀರಿ, ಗೊತ್ತು. ಆದರೂ ಕೇಳದೆ ಇರಲಾಗುವುದಿಲ್ಲ. ನಿಮ್ಮ ಜೊತೆ ಸೆರೆಯಲ್ಲಿರುವ ಇಬ್ಬರೂ ಹೊಟ್ಟೆತುಂಬ ಉಣ್ಣುತ್ತಿದ್ದಾರೆಯೇ? ಬೋಟಿನ ಇಂಜಿನ್ ನೋಡಿಕೊಳ್ಳುತ್ತಿದ್ದವನ ತಾಯಿ ಸಿಕ್ಕಾಗಲೆಲ್ಲ ಇದನ್ನೇ ಕೇಳುತ್ತಾರೆ, ನಾನೇ ದಿನವೂ ಅಲ್ಲಿಗೆ ಹೋಗಿ ಬಡಿಸಿ ಬರುವವಳ ಹಾಗೆ. ಇಲ್ಲಿ ನಾವು ಕ್ಷೇಮ. ಗುಬ್ಬಿಗೆ ಮುಂದಿನ ಹಲ್ಲು ಬಿದ್ದು 'ಸ' ಅನ್ನುವುದೆಲ್ಲ ಗಾಳಿಯಾಗಿ ಹೋಗುತ್ತದೆ. 'ಸಮುದ್ರ' ಅಂತ ಹೇಳಿಸಿ ಹೇಳಿಸಿ ನಗುತ್ತೇವೆ. ನಾನು ಬಲೆ ಹೆಣೆಯುವ ಶೆಡ್ಡಿಗೆ ಹೋಗುತ್ತಲೇ ಇದ್ದೇನೆ.

ನಿಮಗೆ ಸುದ್ದಿ ಮುಟ್ಟಿತೋ ಇಲ್ಲವೋ, ಒಪ್ಪಂದ ಬಿದ್ದುಹೋಯಿತು. ನಾನೇ ಕಣ್ಣಾರೆ ನೋಡಿದೆ. ಎರಡೂ ದೇಶದವರು ಸಹಿ ಹಾಕಿದಾಗ ನಮ್ಮಣ್ಣ ಓಡೋಡಿ ಬಂದು, ಗುಬ್ಬಿಯನ್ನು ಎತ್ತಿಕೊಂಡು ಕುಣಿದಾಡಿದ್ದ. ನಿಮ್ಮನ್ನು ಹಿಡಿದ ಆ ನಡುಗಡಲ ಮರಳುದಿಬ್ಬವನ್ನೂ ಅದರಾಚೆಗಿನ ನೀರನ್ನೂ ನಾವು ಅವರಿಗೆ ಬಿಟ್ಟುಕೊಡುವುದು, ಅವರು ನಮ್ಮ ದೋಣಿಯವರನ್ನೆಲ್ಲ ಬಿಟ್ಟು ಕಳಿಸುವುದು, ಇಷ್ಟೇ ಮಾತು. ನಾನು ಮುಂದಿನ ಕೋಣೆಗೆ ಸುಣ್ಣ ಬಳಿದೆ. ನಿಮ್ಮ ಅಂಗಿಗಳನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದೆ. ದೇಶದ ಮಂತ್ರಿ ಸಹಿ ಹಾಕಿದ ಮೇಲೆ ಮುಗಿಯಿತು ಅಂತ ತಿಳಿದಿದ್ದೆ. ಮುಗಿಯುವುದಿಲ್ಲವಂತೆ. ಗಡಿಯ ಒಂದು ಗೇಣು ಬದಲಾಗಬೇಕಾದರೂ ಮೇಲ್ಮನೆ ಒಪ್ಪಬೇಕು, ಆ ಮನೆಯಲ್ಲಿ ಕೂರುವವರು ರಾಜ್ಯ ರಾಜ್ಯಗಳಿಂದ ಹೋದವರು, ಮತ್ತು ನಮ್ಮ ರಾಜ್ಯದಿಂದ ಹೋದವರಲ್ಲಿ ನಮ್ಮಣ್ಣನೂ ಒಬ್ಬ.

ಅಷ್ಟರಲ್ಲಿ ಬಂದರು ಕುದಿಯತೊಡಗಿತು. ದಿಬ್ಬದ ಸುತ್ತಲೇ ಮೀನು ಸಿಗುವುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದು ಹೋದರೆ ಬೋಟುಗಳನ್ನು ದಡಕ್ಕೆಳೆದು ಮಲಗಿಸಬೇಕು ಅಂದರು. ಸುಳ್ಳೇನಲ್ಲ. ನಿಮ್ಮನ್ನು ಹಿಡಿದೊಯ್ದ ದಿನ ನನ್ನನ್ನು ಅಪ್ಪಿಕೊಂಡು ಅತ್ತ ಹೆಂಗಸರೇ ಶೆಡ್ಡಿನಲ್ಲಿ ನನ್ನ ಪಕ್ಕ ಕೂರುವುದನ್ನು ಬಿಟ್ಟರು. ಅವರ ಮೇಲೆ ತಪ್ಪು ಹೊರಿಸಲಾರೆ. ಅವರ ಮನೆಯಲ್ಲೂ ಗುಬ್ಬಿಗಳಿವೆ. ನಮ್ಮ ವಿಧಾನಸಭೆ ಒಂದು ಹನಿ ನೀರೂ ಕೊಡಕೂಡದು ಅಂತ ನಿರ್ಣಯ ಮಾಡಿತು. ಕರಾವಳಿಯ ಬೇರೆ ರಾಜ್ಯಗಳೂ ನಮ್ಮ ಜೊತೆ ಸೇರಿಕೊಂಡವು, ಇಂದು ನಿಮ್ಮ ನೀರು ಹೋದರೆ ನಾಳೆ ನಮ್ಮದು ಅಂತ. ಅಣ್ಣ ಮನೆಗೆ ಬರುವುದು ಕಡಿಮೆ ಮಾಡಿದ.

ಮೇಲ್ಮನೆಯಲ್ಲಿ ಮತ ಹಾಕುವ ದಿನ ನಾನೂ ಇಂಜಿನ್‌ನವನ ತಾಯಿಯೂ ರೈಲು ಹತ್ತಿ ರಾಜಧಾನಿಗೆ ಹೋದೆವು. ಸಭೆಯ ಮೇಲಂತಸ್ತಿನ ಬೆಂಚಿನಲ್ಲಿ ಕೂತು ನೋಡಿದರೆ ಕೆಳಗೆ ಬರೀ ತಲೆಗಳು ಕಾಣುತ್ತವೆ. ಅಣ್ಣನ ನೆತ್ತಿ ಬೋಳಾಗಿರುವುದು ನನಗೆ ಅಂದೇ ಗೊತ್ತಾದದ್ದು. ವಿದೇಶಾಂಗ ಮಂತ್ರಿ ತುಂಬ ಹೊತ್ತು ಮಾತಾಡಿದರು, ಬೇಡಿಕೊಂಡರು ಅಂತಲೇ ಹೇಳಬೇಕು. ಆಮೇಲೆ ಒಬ್ಬೊಬ್ಬರನ್ನೇ ಕರೆದರು. ಅಣ್ಣನ ಸರದಿ ಬಂದಾಗ ಆ ತಾಯಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಅಣ್ಣ ಎದ್ದು ನಿಂತು, ತಲೆ ಎತ್ತದೆ, "ವಿರೋಧ" ಅಂದ.

ಹೊರಗೆ ಮೊಗಸಾಲೆಯಲ್ಲಿ ಕಾಯುತ್ತಿದ್ದೆ. ಬಂದ. ಬೈಯಬೇಕು ಅಂತ ಬಾಯಿತುಂಬ ಮಾತಿಟ್ಟುಕೊಂಡಿದ್ದೆ. ಅವನೇ ಮೊದಲು ಮಾತೆತ್ತಿದ.

"ನಿನ್ನ ಅಣ್ಣ ಅಂತ ನನ್ನನ್ನ ಇಲ್ಲಿಗೆ ಕಳಿಸಿಲ್ಲ ಕಣಮ್ಮ. ಬಂದರಿನವನು ಅಂತ ಕಳಿಸಿದಾರೆ" ಅಂದ.

"ಸೆರೆಲಿ ಇರೋರೂ ಬಂದರಿನವರೇ ಅಲ್ವಾ?" ಅಂದೆ.

ಅವನು ಚಹಾ ತರಿಸಿದ, ಮೂವರೂ ಕುಡಿಯಲಿಲ್ಲ. ಊರಿಗೆ ಮರಳಿದಾಗ ಜನ ಪಟಾಕಿ ಹೊಡೆದು ಅವನನ್ನು ಹೆಗಲ ಮೇಲೆ ಹೊತ್ತರು. ಸಂಜೆ ಹಿತ್ತಲ ಬಾಗಿಲಿಂದ ನಮ್ಮ ಮನೆಗೆ ಬಂದು, ಗುಬ್ಬಿಯ ಹಾಸಿಗೆಯ ತುದಿಯಲ್ಲಿ ಕೂತಿದ್ದು ಎದ್ದುಹೋದ. ಅವನ ಮೇಲೆ ಕೋಪವನ್ನಾದರೂ ಮಾಡಿಕೊಳ್ಳೋಣವೆಂದರೆ ಅದೂ ಬರುತ್ತಿಲ್ಲ. ಎರಡು ಕೋಣ ಕಾದಾಡಿದರೆ ನಡುವಿನ ಗಿಡ ಸತ್ತಿತು ಅನ್ನುತ್ತಾರಲ್ಲ. ಇಲ್ಲಿ ಕೋಣಗಳೂ ಇಲ್ಲ, ಎಲ್ಲರೂ ಅವರವರ ಗಿಡವನ್ನು ಕಾಯುವವರೇ.

ಅಂದ ಹಾಗೆ, ರಾಜಧಾನಿಯಿಂದ ಹೊರಡುವ ಮುಂಚೆ ವಿದೇಶಾಂಗ ಕಚೇರಿಗೂ ಹೋಗಿದ್ದೆವು. ವಯಸ್ಸಾದ ಅಧಿಕಾರಿ, ಒಳ್ಳೆಯವರು, ಕೂರಿಸಿ ಮಾತಾಡಿಸಿದರು. "ನಾವು ಅವರಿಗೆ ಕೊಟ್ಟ ಮಾತು ನಮ್ಮ ಮನೆಯಲ್ಲೇ ನಡೀಲಿಲ್ಲಮ್ಮ. ಇನ್ನೊಂದು ಸಲ ನಂಬಿ ಅಂತ ಯಾವ ಮುಖ ಇಟ್ಕೊಂಡು ಕೇಳೋದು?" ಅಂದರು. ಮುಂದಿನ ಚುನಾವಣೆಗಳೆಲ್ಲ ಮುಗಿದು, ಮೇಲ್ಮನೆಯಲ್ಲಿ ಹೊಸಬರು ಬಂದು ಕೂತ ಮೇಲೆ ನೋಡಬೇಕಂತೆ. ಅಷ್ಟರಲ್ಲಿ ಗುಬ್ಬಿಗೆ ಹೊಸ ಹಲ್ಲೇನು, ಹೊಸ ಬುದ್ಧಿಯೂ ಬಂದಿರುತ್ತದೆ.

ಮೈ ಬೆಚ್ಚಗಿಟ್ಟುಕೊಳ್ಳಿ. ಜೊತೆಯವರಿಬ್ಬರಿಗೂ ನಾನು ಕೇಳಿದೆನೆಂದು ಹೇಳಿ. ಗುಬ್ಬಿಯ ಮುತ್ತುಗಳು, ಎಣಿಸಲು ಬಿಡಲಿಲ್ಲ.

ನಿಮ್ಮವಳು,
ಗುಬ್ಬಿಯ ಅಮ್ಮ

ಮತ್ತೆ: ಅಂಚೆಯವನ ಗಾಡಿ ಬೀದಿಯ ತುದಿಗೆ ಬಂದಿದೆ, ಬೇಗ ಬರೆಯುತ್ತೇನೆ. ಆ ಅಧಿಕಾರಿ ಮೆಟ್ಟಿಲವರೆಗೂ ನಮ್ಮ ಜೊತೆ ಬಂದು, ಅಲ್ಲಿಯ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡವರನ್ನು ಈಗಲೂ ಒಬ್ಬೊಬ್ಬರಾಗಿ ಬಿಡುತ್ತಿದ್ದಾರೆ, ಆದರೆ ಹಾಗೆ ಮಾಡಿ ಅಂತ ಸರ್ಕಾರ ಹೇಳುವಂತಿಲ್ಲ ಅಂದರು. ತಪ್ಪೊಪ್ಪಿಕೊಳ್ಳುವುದೆಂದರೆ ಆ ನೀರು ಅವರದು ಅಂತ ನಿಮ್ಮ ಬಾಯಿಂದಲೇ ಹೇಳುವುದು. ಎರಡು ವರ್ಷದಿಂದ ನೀವು ಅದನ್ನು ಹೇಳಿಲ್ಲ, ಯಾಕೆಂದು ನನಗೆ ಗೊತ್ತು. ಹೇಳಿದರೆ ಈ ಬಂದರು ನಮ್ಮನ್ನು ಇರಗೊಡುವುದಿಲ್ಲ, ಅಣ್ಣನೂ ಬಾಗಿಲು ತೆರೆಯಲಾರ. ಆದರೂ ಹೇಳಿಬಿಡಿ. ನೀವು ಹೇಳಿದರೆ ಉಳಿದಿಬ್ಬರೂ ಹೇಳುತ್ತಾರೆ. ಆ ತಾಯಿಯನ್ನೂ ಕೇಳಿದೆ, "ಬರಿ" ಅಂದರು. ಸಮುದ್ರವಿಲ್ಲದ ಒಂದು ಊರಿನಲ್ಲಿ ಹೊಲಿಗೆ ಕೆಲಸ ಕೇಳಿಟ್ಟಿದ್ದೇನೆ. ಬನ್ನಿ.