ಎಪ್ಪತ್ತು ಮೀಟರಿನ ಇಲಿ

ಬುಧವಾರ, ಮಧ್ಯಾಹ್ನ

ನನ್ನ ಮುದ್ದು ಪುಟ್ಟೀ,

ನಿನ್ನ ಫೋನಿಗೆ ಬಂದದ್ದೆಲ್ಲ ನಿನ್ನ ಗಂಡನಿಗೂ ಗೊತ್ತಾಗುತ್ತದೆ ಎಂದು ನೀನೇ ಹೇಳಿದ್ದೆ. ಅದಕ್ಕೇ ಇದನ್ನು ಹಾಲಿನ ವ್ಯಾನಿನವರ ಕೈಯಲ್ಲಿ ಕಳಿಸುತ್ತಿದ್ದೇನೆ.

ನೀನು ಮನೆ ಬಿಟ್ಟು ಬಾಡಿಗೆ ಕೋಣೆ ಸೇರಿದ ಮೇಲೆ ಅವನು ನನ್ನ ಬಂದೂಕಿನ ಅಂಗಡಿಗೆ ಕಾಲಿಟ್ಟಿರಲಿಲ್ಲ. ಸೋಮವಾರ ತನ್ನ ಪಾಯಿಂಟ್ ಟೂ ಟೂ ರೈಫಲ್ ಹಿಡಿದು ಬಂದ. "ಗೋದಾಮಲ್ಲಿ ಇಲಿ ಕಾಟ ಅತ್ತಿಗೆ, ಒಂದು ದುರ್ಬೀನು ಹಾಕಿಕೊಡಿ" ಎಂದ. ನಗುನಗುತ್ತಲೇ ಮಾತಾಡಿದ. ನಿನ್ನ ಸುದ್ದಿ ಎತ್ತಲಿಲ್ಲ.

ಇಲಿಗೆ ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವ ಚಿಕ್ಕ ದುರ್ಬೀನು ಸಾಕು; ಅದಕ್ಕಿಂತ ಜಾಸ್ತಿಯಾದರೆ ಹತ್ತಿರ ಓಡುವ ಇಲಿ ಕಣ್ಣಿಗೇ ಸಿಗುವುದಿಲ್ಲ. ಅಂಥದ್ದನ್ನೇ ತೆಗೆದಿಟ್ಟೆ. ಅವನು ಅದನ್ನು ಬದಿಗೆ ಸರಿಸಿ ಕಪಾಟಿನಲ್ಲಿದ್ದ ಹನ್ನೆರಡು ಪಟ್ಟಿನದನ್ನು ತೋರಿಸಿದ. ಇಲಿಯ ಮೀಸೆ ಎಣಿಸ್ತೀರಾ ಎಂದು ತಮಾಷೆ ಮಾಡಿದೆ. "ಮುಖ ಕಾಣಬೇಕು" ಎಂದ.

ದುರ್ಬೀನನ್ನು ಬಂದೂಕಿಗೆ ಕೂಡಿಸುವ ರಿಂಗ್ ಬಿಗಿ ಮಾಡುವ ಮೊದಲು, ಹೊಡೆಯುವವರು ಬಂದೂಕನ್ನು ಹೇಗೆ ಹಿಡಿಯುತ್ತಾರೋ ಹಾಗೇ ಹಿಡಿಸಿ, ಕಣ್ಣಿಗೆ ಸರಿಯಾಗುವಂತೆ ಹಿಂದೆ ಮುಂದೆ ಸರಿಸಬೇಕು. ಇಲಿ ಹೊಡೆಯುವವರು ನಿಂತೇ ಹಿಡಿಯುತ್ತಾರೆ. ಇವನು ಕುರ್ಚಿ ಎಳೆದುಕೊಂಡು ಕೂತ, ನಳಿಗೆಯನ್ನು ನನ್ನ ಕಿಟಕಿಯ ಕಟ್ಟೆಗೆ ಆನಿಸಿದ. "ಹೀಗೆ ಕೂತಾಗ ಸರಿ ಇರಬೇಕು" ಎಂದ. ಗುರಿ ಎಷ್ಟು ದೂರಕ್ಕೆ ಎಂದು ಕೇಳಿದೆ. ಯೋಚಿಸಲೂ ಇಲ್ಲ. "ಎಪ್ಪತ್ತು ಮೀಟರ್."

ಗೋದಾಮನ್ನು ಮೂಲೆಯಿಂದ ಮೂಲೆಗೆ ಅಳೆದರೂ ಇಪ್ಪತ್ತು ಆಗುವುದಿಲ್ಲ, ಪುಟ್ಟೀ. ಅದರ ಮಹಡಿಯ ಕಿಟಕಿಯ ಎದುರಿಗೆ ಆಟದ ಮೈದಾನ, ಅದರಾಚೆ ನಿನ್ನ ಬಾಲ್ಕನಿ. ನಿನ್ನೆ ನಾನೇ ಬಂದು ಮೈದಾನದಲ್ಲಿ ಮೀಟರಿಗೊಂದು ಹೆಜ್ಜೆ ಹಾಕಿ ನೋಡಿದೆ. ಎಪ್ಪತ್ತೇ. ನಿನ್ನ ಬಾಗಿಲು ತಟ್ಟೋಣ ಎನ್ನುವಷ್ಟರಲ್ಲಿ ಅವನು ಆ ಕಿಟಕಿಯಲ್ಲಿ ಕಾಣಿಸಿದ. ಅವನ ಕಣ್ಣಿಗೆ ಬೀಳುವ ಮೊದಲೇ ಹಿಂತಿರುಗಿಬಿಟ್ಟೆ.

ಅಲ್ಲಿಂದ ನೇರ ಠಾಣೆಗೆ ಹೋದೆ. ಲೈಸೆನ್ಸ್ ಇದೆಯಲ್ಲಮ್ಮ, ಇಲಿ ಹೊಡೀತೀನಿ ಅನ್ನೋನ ಮೇಲೆ ಏನಂತ ಕೇಸು ಹಾಕಲಿ ಎಂದರು ಸಾಹೇಬರು. ಪಕ್ಕದ ಮೇಜಿನವರು, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ನಕ್ಕರು.

ಇರುವ ರಿಂಗ್ ಸರಿಹೊಂದುತ್ತಿಲ್ಲ, ಬೇರೆ ಬರಬೇಕು ಎಂದು ಸುಳ್ಳು ಹೇಳಿ ಬಂದೂಕನ್ನು ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಹೆಚ್ಚೆಂದರೆ ಶುಕ್ರವಾರದವರೆಗೆ ತಡೆಯಬಲ್ಲೆ. ಅಷ್ಟರಲ್ಲಿ ದೊಡ್ಡಮ್ಮನ ಮನೆಗೆ ಹೊರಟುಬಿಡು. ಬಾಲ್ಕನಿಯ ಬಟ್ಟೆ ಅಲ್ಲೇ ಇರಲಿ, ತರಲು ಹೋಗಬೇಡ. ಯಾರಾದರೂ ಏನಾದರೂ ಅಂದರೆ ಅಕ್ಕನೇ ಕಳಿಸಿದಳು ಎನ್ನು. ಜೀವ ಉಳಿದರೆ ಬೆಲ್ಲ ಬೇಡಿ ತಿಂದರಾಯಿತು.

ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸುವಾಗ ಅವನು ಬಂದ. ರಿಂಗ್ ತಾನೇ ತಂದಿದ್ದ. ಅವನೆದುರೇ ಕೂಡಿಸಬೇಕಾಯಿತು. ಗುರಿಯ ತಿರುಪನ್ನು ಬೇಕೆಂದೇ ತಪ್ಪಾಗಿ ತಿರುಗಿಸಿಟ್ಟೆ. ಅಂಗಡಿಯ ಹಿಂದಿನ ಬಯಲಲ್ಲಿ ಡಬ್ಬಿ ನಿಲ್ಲಿಸಿ ಹೊಡೆದ, ತಪ್ಪಿತು. ಸಿಟ್ಟಾಗಲಿಲ್ಲ. "ಇನ್ನೊಂದ್ಸಲ ನೋಡಿ ಅತ್ತಿಗೆ" ಎಂದು ಪಕ್ಕದಲ್ಲೇ ನಿಂತು ನನ್ನ ಕೈಯಿಂದಲೇ ಸರಿ ಮಾಡಿಸಿದ. ಈಗ ಅದು ಕೂದಲೆಳೆಯಷ್ಟೂ ತಪ್ಪುವುದಿಲ್ಲ. ತೆಗೆದುಕೊಂಡು ಹೋದ. ಶುಕ್ರವಾರದ ಮಾತು ಮರೆತುಬಿಡು. ಈ ಕಾಗದ ತಂದ ಹಾಲಿನ ವ್ಯಾನು ನಿನ್ನ ಮನೆಯ ಹಿಂದಿನ ಗಲ್ಲಿಯಲ್ಲಿ ನಿಂತಿರುತ್ತದೆ. ಉಟ್ಟ ಬಟ್ಟೆಯಲ್ಲೇ ಹತ್ತು.