ಸೀರಿಯಸ್ ಐತೆ, ಬಾ

ಅವ್ವಾ,

ನಿನ್ನೆ ಬೆಳಿಗ್ಗೆ ನಿನ್ನ ಜೀವ ಹೋದ ಮೇಲೆ ಜಗಳೂರಿಗೆ, ತಂಗಿ ಪ್ರಮೀಳಾಗೆ ಫೋನ್ ಮಾಡಿದೆ. “ಡೆತ್ ಆತು ಅನ್ನಬ್ಯಾಡ. ಸೀರಿಯಸ್ ಐತೆ ಅನ್ನು. ಒಬ್ಬಳೇ ಬಸ್ಸಲ್ಲಿ ಬರಬೇಕು,” ಎಂದು ದೊಡ್ಡಪ್ಪ ಪಕ್ಕದಲ್ಲೇ ನಿಂತು ಹೇಳಿಕೊಟ್ಟರು. ಹಾಗೆಯೇ ಹೇಳಿದೆ. ನಮ್ಮ ಕಡೆ ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಅವಳಿಗೂ ಗೊತ್ತಾಗಿರುತ್ತದೆ ಅಂದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಬಾಗಿಲ ಮುಂದೆ ಶಾಮಿಯಾನ ಹಾಕಿದ್ದರು. ಬಂದವರೆಲ್ಲ “ಬಾಡಿ ಎಷ್ಟೊತ್ತಿಗೆ ಎತ್ತತೀರಿ?” ಎಂದು ಕೇಳುತ್ತಿದ್ದರು. ನಾನು “ನಾಲ್ಕಕ್ಕೆ” ಎನ್ನುತ್ತಿದ್ದೆ.

ಆಗ ಪ್ರಮೀಳಾ ಬಂದಳು. ಕೈಯಲ್ಲಿ ಫ್ಲಾಸ್ಕು, ಚೀಲದಲ್ಲಿ ಆಸ್ಪತ್ರೆಯಲ್ಲಿ ನೀನು ಉಡಲೆಂದು ಹಳೆಯ ಮೆತ್ತನೆ ಸೀರೆ. ಶಾಮಿಯಾನ ನೋಡಿ ರಸ್ತೆಯಲ್ಲೇ ನಿಂತಳು.

“ಬ್ಯಾರೆ ಯಾರಾದ್ರೂ ಅಂದಿದ್ರೆ ತಿಳಕಂತಿದ್ದೆ. ನೀನು ಅಂದೆಯಲ್ಲಣ್ಣ,” ಎಂದಳು.

ಮಣ್ಣು ಮುಗಿಸಿ ಬಂದು ಸ್ನಾನ ಮಾಡಿದ ಮೇಲೆ ಅಡುಗೆಮನೆಯಲ್ಲಿ ಆ ಫ್ಲಾಸ್ಕು ಕಂಡಿತು. ಒಳಗೆ ಗಂಜಿ ಇತ್ತು, ಇನ್ನೂ ಬೆಚ್ಚಗಿತ್ತು. ಲೋಟಕ್ಕೆ ಬಗ್ಗಿಸಿಕೊಂಡು ಕುಡಿದೆ.

ಉಪ್ಪು ಹಾಕಿರಲಿಲ್ಲ. ನಿನಗೆ ಬಿಪಿ ಅಲ್ಲವಾ.